ಚಾಚಾನ ಅಳತೆ, ವಿಮಾನದ ಅಳತೆ

ನಾನು ಚಿಕ್ಕವನಿದ್ದಾಗ, ಅಂದರೆ ಅಪ್ಪನ ಸೈಕಲ್ಲಿನ ಸೀಟು ನನ್ನ ಎದೆಗೆ ಬರುತ್ತಿದ್ದ ಕಾಲಕ್ಕೆ, ಒಂದು ಭಾನುವಾರ ಮುಂಜಾನೆ ನಾವು ಮೂವರು ಒಂದೇ ಸೈಕಲ್ಲಿನ ಮೇಲೆ ಗೋಪನಕೊಪ್ಪದಿಂದ ಉಣಕಲ್ಲಿಗೆ ಹೊರಟೆವು. ಪೆಡಲ್ ತುಳಿಯುತ್ತಿದ್ದವನು ಅಪ್ಪ. ಹಿಂದೆ ಕ್ಯಾರಿಯರ್ ಮೇಲೆ ಅಕ್ಕ, ಮುಂದಿನ ದಂಡಿಯ ಮೇಲೆ ನಾನು. ಅಪ್ಪನ ಕೊರಳಲ್ಲಿ ಅಳತೆಯ ಟೇಪು ಜೋತುಬಿದ್ದಿತ್ತು. ಗಾಳಿಗೆ ಅದರ ಹಿತ್ತಾಳೆ ತುದಿ ನನ್ನ ಕಿವಿಗೆ ಬಡಿಯುತ್ತಿತ್ತು. ಅಕ್ಕನ ತೊಡೆಯ ಮೇಲೆ ಒಂದು ರಟ್ಟು. ರಟ್ಟಿಗೆ ಅಂಟಿಸಿದ್ದ ಚಿತ್ರದಲ್ಲಿ ಒಂದು ಯುದ್ಧವಿಮಾನ, ಅದರ ಮೂಗಿನ ಬಳಿ ನಿಂತ ಒಬ್ಬ ಮನುಷ್ಯ. ಆ ಮನುಷ್ಯನ ಎತ್ತರ ಅಳೆಯುವುದಕ್ಕೇ ನಾವು ಹೊರಟಿದ್ದೆವು.

ನಗಬೇಡಿ. ಮೊದಲಿನಿಂದ ಹೇಳುತ್ತೇನೆ.

ಅಪ್ಪ ಟೇಲರ್. ಮನೆಯ ಪಡಸಾಲೆಯೇ ಅವನ ಅಂಗಡಿ. ಹೊಸ ಬಟ್ಟೆಯ ಗಂಜಿಯ ವಾಸನೆ, ಮಷೀನಿನ ಎಣ್ಣೆಯ ವಾಸನೆ, ಇಸ್ತ್ರಿಪೆಟ್ಟಿಗೆಯ ಇದ್ದಿಲಿನ ವಾಸನೆ ಕೂಡಿದರೆ ನಮ್ಮ ಮನೆ. ಅಕ್ಕ ಮೆಟ್ರಿಕ್ಕಿಗೆ ಓದುತ್ತಿದ್ದಳು, ಲೆಕ್ಕದಲ್ಲಿ ಭಾರಿ ಹುಷಾರು. ನನಗೆ ಇದ್ದದ್ದು ಒಂದೇ ಹುಚ್ಚು, ವಿಮಾನ. ಸಿಕ್ಕ ಸಿಕ್ಕ ಕಟ್ಟಿಗೆಯ ತುಂಡನ್ನು ಚಾಕುವಿನಿಂದ ಕೆತ್ತಿ ವಿಮಾನ ಮಾಡುತ್ತಿದ್ದೆ.

ಆ ವರ್ಷ ಧಾರವಾಡದಲ್ಲಿ ಶಾಲೆಗಳ ವಸ್ತುಪ್ರದರ್ಶನವಿತ್ತು. ನಾನು ನ್ಯಾಟ್ ಎಂಬ ಪುಟ್ಟ ಜೆಟ್ ಯುದ್ಧವಿಮಾನವನ್ನು ಕೆತ್ತಿ, ಬಣ್ಣ ಬಳಿದು, 'ಖರೆ ವಿಮಾನ ಇದ್ದಂಗೇ ಐತಿ' ಎಂದು ಇಡೀ ವರ್ಗಕ್ಕೆ ಹೇಳಿಕೊಂಡು ತಿರುಗಿದ್ದೆ. ಗಣಿತದ ಮಾಸ್ತರರು ಅದನ್ನು ಅಂಗೈಯಲ್ಲಿಟ್ಟುಕೊಂಡು ಎರಡು ಸಲ ತಿರುಗಿಸಿ ನೋಡಿದರು.

"ಛಲೋ ಆಗೇತಿ. ಎಷ್ಟಕ್ಕ ಎಷ್ಟು?"

ನನಗೆ ಪ್ರಶ್ನೆಯೇ ತಿಳಿಯಲಿಲ್ಲ.

"ಖರೆ ವಿಮಾನದ ಒಂದ್ ಅಡಿಗೆ ಇದರಾಗ ಎಷ್ಟು ಇಂಚು? ಗೊತ್ತಿಲ್ಲಾ? ಹಂಗಾದ್ರ ಇದು ಮಾದರಿ ಅಲ್ಲಪಾ, ಆಟಗಿ ಸಾಮಾನು. ಸಣ್ಣ ಹುಡುಗರ ಮೇಜಿನ ಮ್ಯಾಲೆ ಇಡು."

ಸಣ್ಣ ಹುಡುಗರ ಮೇಜಿನ ಮೇಲೆ ಮಣ್ಣಿನ ಮಾವಿನಹಣ್ಣು, ಚಿಂದಿಯ ಗೊಂಬೆ ಇರುತ್ತಿದ್ದವು. ವರ್ಗವೆಲ್ಲ ನಕ್ಕಿತು. ಹಿಂದಿನ ಬೆಂಚಿನವನೊಬ್ಬ ನನ್ನನ್ನು ಕಂಡಾಗಲೆಲ್ಲ 'ಜುಂಯ್' ಎಂದು ಸದ್ದು ಮಾಡತೊಡಗಿದ. ಮುಂದಿನ ವಾರದ ಶನಿವಾರ ಪ್ರದರ್ಶನ. ಅಷ್ಟರೊಳಗೆ ಸರಿಯಾದ ಅಳತೆಯ ಇನ್ನೊಂದು ವಿಮಾನ ಮಾಡಿ ದೊಡ್ಡವರ ಮೇಜಿನ ಮೇಲೆ ಇಡಲೇಬೇಕೆಂದು ನಾನು ಹಟ ಹಿಡಿದೆ. ಓಣಿಯ ಬಡಿಗ ಕಾಕಾ ಹಗುರವಾದ ಒಂದು ಹಲಗೆ ಕೊಟ್ಟ. "ಇದೊಂದ ಐತಿ ನೋಡ್. ತಪ್ಪು ಕೊಯ್ದರ ಮತ್ತೊಂದು ಕೇಳಾಕ ಬರಬ್ಯಾಡ" ಎಂದ.

ಕೊಯ್ಯುವುದಕ್ಕೆ ಅಳತೆ ಬೇಕಲ್ಲ? ಅಂಥ ಪುಸ್ತಕ ನಮಗೆ ಎಲ್ಲಿಯೂ ಸಿಗಲಿಲ್ಲ. ಕ್ಷೌರದಂಗಡಿಯ ಹಳೆಯ ವಾರಪತ್ರಿಕೆಯೊಂದರಿಂದ ಕೇಳಿ ತಂದ ಎರಡು ಚಿತ್ರಗಳಷ್ಟೇ ನನ್ನ ಆಸ್ತಿ. ವಿಮಾನವನ್ನು ಪಕ್ಕದಿಂದ ತೆಗೆದದ್ದು ದೊಡ್ಡದು; ಎದುರಿನಿಂದ ತೆಗೆದದ್ದು ಸಣ್ಣದು. ಅಕ್ಕ ದೊಡ್ಡ ಚಿತ್ರದ ಮೇಲೆ ಫೂಟುಪಟ್ಟಿ ಇಟ್ಟಳು. ಮನುಷ್ಯ ಸರಿಯಾಗಿ ಎರಡು ಇಂಚು, ವಿಮಾನ ಹತ್ತೂ ಮುಕ್ಕಾಲು ಇಂಚು. "ಈ ಮನಷ್ಯಾನ ಎತ್ತರ ಗೊತ್ತಾದ್ರ ವಿಮಾನದ ಉದ್ದ ಗೊತ್ತಾದಂಗ. ಉದ್ದ ಗೊತ್ತಾದ್ರ ಅದರ ಎತ್ತರ, ಆ ಎತ್ತರ ಗೊತ್ತಾದ್ರ ಸಣ್ಣ ಚಿತ್ರದಿಂದ ರೆಕ್ಕಿ ಅಗಲ" ಎಂದಳು. ಆದರೆ ಆ ಮನುಷ್ಯ ಯಾರು, ಯಾವ ಊರವನು?

ಆ ಚಿತ್ರ ಅಪ್ಪನ ಮಷೀನಿನ ಹಿಂದಿನ ಗೋಡೆಯ ಮೇಲಿತ್ತು. ದಿಂಬಿನ ಚೀಲ ಹೊಲಿಸಲು ಬಂದಿದ್ದ ಉಣಕಲ್ಲಿನ ಮುಸಲ್ಮಾನ ಅಮ್ಮಾ ಒಬ್ಬರು ಅದನ್ನು ನೋಡಿ ಕೈಯಲ್ಲಿದ್ದ ಬಟ್ಟೆಯನ್ನೇ ಕೆಳಗೆ ಬಿಟ್ಟರು.

"ಅರೆ, ಇಂವ ನನ್ನ ಮಗಾ ಅಲ್ಲೇನ್ರಿ! ವಿಮಾನದ ಮಿಸ್ತ್ರಿ ಅದಾನ. ಈ ವಾರ ಸೂಟಿ ಮ್ಯಾಲೆ ಬರಾಕತ್ತಾನ!"

ಈಗ ತಿಳಿಯಿತಲ್ಲ, ಸೈಕಲ್ಲಿನ ಮೇಲೆ ಟೇಪು ಯಾಕೆ ಎಂದು?

ಅಮ್ಮಾನ ಮನೆ ಉಣಕಲ್ ಕೆರೆಯ ಹತ್ತಿರದ ಓಣಿಯಲ್ಲಿತ್ತು. ಕೆರೆಯ ಕಡೆಯಿಂದ ತಣ್ಣನೆಯ ಗಾಳಿ, ಹಸಿ ಜೊಂಡಿನ ವಾಸನೆ. ಬಾಗಿಲು ಬಹಳ ತಗ್ಗು. ಅಪ್ಪ ತಲೆ ಬಗ್ಗಿಸಿಯೇ ಒಳಗೆ ಹೋದ. ಚಿತ್ರದ ಮನುಷ್ಯ ಬನಿಯನ್ ಹಾಕಿಕೊಂಡು ಚಾಪೆಯ ಮೇಲೆ ಕೂತಿದ್ದ. ನಾನು ಆತನನ್ನು ಚಾಚಾ ಎಂದೆ. ಹಲಗೆ, ಮಾಸ್ತರರು, ಶನಿವಾರ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒದರಿದೆ. ಚಾಚಾನ ಮುಖ ಸಣ್ಣದಾಯಿತು.

"ಬೇಟಾ, ವಿಮಾನದ ಉದ್ದಾ ಅಗಲಾ ನಾ ಹೇಳಂಗಿಲ್ಲ. ಕೆಲಸಕ್ಕ ಸೇರೂವಾಗ ಮಾತು ಕೊಟ್ಟೀನಿ."

"ಏನೂ ಹೇಳೂದಿಲ್ರಿ ಇಂವ" ಎಂದರು ಅಮ್ಮಾ ಒಳಗಿನಿಂದ. "ಅಲ್ಲೆ ಊಟಕ್ಕ ಏನು ಹಾಕ್ತಾರಪಾ ಅಂದ್ರೂ ಬಾಯಿ ಬಿಡೂದಿಲ್ಲ!"

ಅಕ್ಕ ಮುಂದೆ ಬಂದಳು. "ನಮಗ ವಿಮಾನದ ಅಳತಿ ಬ್ಯಾಡ್ರಿ ಚಾಚಾ. ನಿಮ್ಮ ಅಳತಿ ಬೇಕು."

ಚಾಚಾ ಒಮ್ಮೆ ರಟ್ಟಿನ ಚಿತ್ರ ನೋಡಿದ, ಒಮ್ಮೆ ಅಪ್ಪನ ಕೊರಳಿನ ಟೇಪು ನೋಡಿದ. ಆಮೇಲೆ ತೊಡೆ ತಟ್ಟಿಕೊಂಡು ನಕ್ಕ. "ವಿಮಾನ ಸರಕಾರದ್ದು. ಮೈ ನಂದು. ಎಷ್ಟ್ ಬೇಕಾದ್ರೂ ಅಳಕೋರಿ!"

ಅಕ್ಕ ಸುಮ್ಮನೆ ಬಿಡುವವಳಲ್ಲ. ಚಿತ್ರದಲ್ಲಿ ಬೂಟು ಇದ್ದವೆಂದು ಬೂಟು ಹಾಕಿಸಿದಳು. ಫೋಟೋ ತೆಗೆಯುವವನ ಕಡೆಗೆ ಮುಂದೆ ಬಂದು ನಿಂತಿದ್ದಿರೋ ಹೇಗೆ ಎಂದು ಕೇಳಿದಳು. ಮುಂದೆ ನಿಂತಿದ್ದರೆ ಮನುಷ್ಯ ದೊಡ್ಡವನಾಗಿ ಕಾಣುತ್ತಾನೆ. "ಇದನ್ನ ಹೇಳಬಹುದು" ಎಂದು ಚಾಚಾ ಯೋಚಿಸಿ, ವಿಮಾನದ ಮೂಗಿನ ತುದಿಯ ಸರಿಸಮಕ್ಕೇ ನಿಂತಿದ್ದೆನೆಂದ. ಹಾಗಾದರೆ ಗೋಡೆಗೆ ನಿಲ್ಲಿಸಿ ಗೆರೆ ಎಳೆಯೋಣ ಎಂದಳು ಅಕ್ಕ. ಅಪ್ಪನಿಗೆ ಅದು ಸೇರಲಿಲ್ಲ.

"ಮನಷ್ಯಾನ್ನ ಗ್ವಾಡಿಗೆ ಹಚ್ಚಿ ಅಳೀತಾರೇನು? ಇಪ್ಪತ್ತ್ ವರ್ಷ ಆತು ಟೇಪ್ ಹಿಡದು. ಸರೀರಿ ಎಲ್ಲಾರೂ."

ಅಪ್ಪ ತನ್ನ ಪದ್ಧತಿಯಂತೆಯೇ ಅಳೆದ. ನೆತ್ತಿಯಿಂದ ಕೊರಳಿನ ಬುಡಕ್ಕೆ, ಕೊರಳಿನಿಂದ ಸೊಂಟಕ್ಕೆ, ಸೊಂಟದಿಂದ ಬೂಟಿನ ತಳಕ್ಕೆ. ಒಂದೊಂದನ್ನೂ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಳತೆಯ ವಹಿಯಲ್ಲಿ ಬರೆದ. ಸೊಂಟದ ಸುತ್ತಳತೆಯನ್ನೂ ರೂಢಿಯಂತೆ ಬರೆದುಬಿಟ್ಟ. ಹತ್ತು, ಹದಿನಾರು, ನಲವತ್ತೆರಡು. ಕೂಡಿದರೆ ಅರವತ್ತೆಂಟು ಇಂಚು, ಅಂದರೆ ಐದು ಅಡಿ ಎಂಟು ಇಂಚು. ಅಕ್ಕ ನೆಲದ ಮೇಲೆ ಕೂತು ಗುಣಿಸಿದಳು, ಭಾಗಿಸಿದಳು. "ವಿಮಾನದ ಉದ್ದ ಮೂವತ್ತೂವರಿ ಅಡಿ!"

ನಾನು ಚಾಚಾನ ಮುಖವನ್ನೇ ನೋಡುತ್ತಿದ್ದೆ. ಆತ ಚಹದ ಬಶಿಯನ್ನು ತುಟಿಗೆ ಇಟ್ಟುಕೊಂಡಿದ್ದ, ಆದರೆ ಕುಡಿಯುತ್ತಿರಲಿಲ್ಲ. ಹೌದೆನ್ನುವಂತಿಲ್ಲ, ಅಲ್ಲವೆನ್ನುವಂತಿಲ್ಲ, ಪಾಪ, ಛಾವಣಿಯ ತೊಲೆಗಳನ್ನು ಎಣಿಸತೊಡಗಿದ. ಅಂಕಿ ತಪ್ಪಿದ್ದರೆ? ಇದ್ದದ್ದು ಒಂದೇ ಹಲಗೆ.

ಅಷ್ಟರಲ್ಲಿ ಅಮ್ಮಾ ಉಪ್ಪಿಟ್ಟಿನ ತಾಟು ತಂದಿಟ್ಟು ಕೇಳಿದರು, "ನನ್ನ ಮಗಾ ಎಷ್ಟ್ ಎತ್ತರ ಅಂದ್ರಿ?"

"ಐದಡಿ ಎಂಟ್ ಇಂಚು" ಎಂದ ಅಪ್ಪ.

"ಯಾ ಅಲ್ಲಾ! ಅಷ್ಟಿದ್ದಿದ್ರ ದಿನಾ ಈ ಬಾಗಿಲಕ್ಕ ಹಣಿ ಬಡಕೋತಿದ್ದ. ಇವರಪ್ಪ ಬಡಕೋತಿದ್ರು. ಇಂವ ಬೂಟ್ ಹಾಕ್ಕೊಂಡ ಸೀದಾ ಹೋಗ್ತಾನ, ಸೀದಾ ಬರ್ತಾನ."

ನಾನು ಉಪ್ಪಿಟ್ಟು ಬಿಟ್ಟು ಎದ್ದೆ. ಅಪ್ಪನ ಕೊರಳಿನಿಂದ ಟೇಪನ್ನು ಎಳೆದುಕೊಂಡೆ. ಅಲ್ಲಿಯವರೆಗೆ ಆ ಟೇಪನ್ನು ಕೇಳದೆ ಮುಟ್ಟಿದವನಲ್ಲ ನಾನು. ಹೊಸ್ತಿಲಿನಿಂದ ಮೇಲಿನ ಚೌಕಟ್ಟಿಗೆ ಹಿಡಿದೆ. ಐದು ಅಡಿ ಏಳು ಇಂಚು. ಚಾಚಾನನ್ನು ಬೂಟಿನ ಸಮೇತ ಹೊಸ್ತಿಲ ಮೇಲೆ ನಿಲ್ಲಿಸಿದೆ. ತಲೆಗೂ ಚೌಕಟ್ಟಿಗೂ ನಡುವೆ ಅಕ್ಕನ ಫೂಟುಪಟ್ಟಿ ಇಟ್ಟರೆ ಒಂದು ಇಂಚು ಖಾಲಿ.

ಇನ್ನು ಹೇಳಬೇಕಿತ್ತು. ಹೊರಗಿನವರ ಎದುರಿಗೆ, ಅಪ್ಪನಿಗೆ.

"ಅಪ್ಪಾ... ಚಾಚಾ ಐದಡಿ ಆರ್ ಇಂಚ್ ಅದಾರು. ನಿನ್ನ ಅಳತಿ ಎರಡ್ ಇಂಚು ಜಾಸ್ತಿ ಐತಿ."

ಅಪ್ಪ ನನ್ನ ಕೈಯಿಂದ ಟೇಪು ಇಸಿದುಕೊಂಡು ಚಾಚಾನ ಸೊಂಟದಿಂದ ಬೂಟಿನ ತಳದವರೆಗೆ ಮತ್ತೆ ಇಳಿಬಿಟ್ಟ. ನಲವತ್ತು. ವಹಿ ನೋಡಿದ. ನಲವತ್ತೆರಡು. ಆಮೇಲೆ ಭುಜ ಅಲುಗಿಸುತ್ತ ನಗತೊಡಗಿದ.

"ಕಣ್ಣು ನಲವತ್ತ್ ನೋಡೇತಿ, ಕೈ ನಲವತ್ತೆರಡ್ ಬರದೈತಿ! ಪ್ಯಾಂಟಿನ ತಳಾ ಒಳಗ ಮಡಚಾಕ ಎರಡ್ ಇಂಚು ಹೆಚ್ಚಿಗಿ ಕೂಡಿಸೇ ಬರದ್ ರೂಢಿ ನಂದು. ಕೈ ತನ್ನಷ್ಟಕ್ಕ ತಾನ ಪ್ಯಾಂಟ್ ಹೊಲಿಯಾಕ ಹತ್ತಿಬಿಟ್ಟೈತಿ!"

"ಅಪ್ಪಾ, ವಿಮಾನಕ್ಕ ತಳಾ ಮಡಚೂದಿರಂಗಿಲ್ಲ" ಎಂದಳು ಅಕ್ಕ, ಮುಖ ಗಂಭೀರ ಮಾಡಿಕೊಂಡು.

ಚಾಚಾ ನಕ್ಕ ಭರಕ್ಕೆ ಚಹ ಚಾಪೆಯ ಮೇಲೆ ಚೆಲ್ಲಿತು. ಎರಡು ಇಂಚಿನ ತಪ್ಪು ವಿಮಾನದಲ್ಲಿ ಬೆಳೆದು ಸುಮಾರು ಒಂದು ಅಡಿ ಆಗಿತ್ತು. ಅಕ್ಕ ಹೊಸದಾಗಿ ಲೆಕ್ಕ ಮಾಡಿದಳು. ಇಪ್ಪತ್ತೊಂಬತ್ತೂವರೆ ಅಡಿ. ನಾನು ಚಾಚಾನ ಕಡೆ ನೋಡಿದೆ. ಆತ ತನ್ನ ತಾಟಿನ ಉಪ್ಪಿಟ್ಟನ್ನು ನನ್ನ ತಾಟಿಗೆ ಹಾಕಿ, "ತಿನ್ನು ಬೇಟಾ, ಆರಾಮಶೀರ್ ತಿನ್ನು" ಎಂದ.

ವಹಿಯಲ್ಲಿದ್ದ ನಲವತ್ತೆರಡನ್ನು ಅಕ್ಕ ಹೊಡೆದುಹಾಕಲು ಹೋದಳು. ಅಪ್ಪ ತಡೆದ. "ಇರಲಿ ಬಿಡು. ಪ್ಯಾಂಟಿಗೆ ಅದು ಸರೀನ ಐತಿ. ನಿನ್ನ ವಿಮಾನದ್ದು ಬಾಜೂಕ ಬರಕೋ."

ಆ ಸಂಜೆಯೇ ಬಡಿಗ ಕಾಕಾನ ಕಟ್ಟೆಯ ಮೇಲೆ ಹಲಗೆ ಕೊಯ್ದೆವು. ಅಪ್ಪ ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣದಿಂದ ಗುರುತು ಹಾಕಿದ, ಕಾಕಾ ಗರಗಸ ಹಿಡಿದ. ಗೆರೆ ಹಾಕುವ ಮುನ್ನ ಅಪ್ಪ ನನ್ನ ಕಡೆ ತಿರುಗಿ, "ಅಳದ್ ನೋಡಪಾ, ಸಾಹೇಬ" ಎನ್ನುತ್ತಿದ್ದ. ನಾನು ಅಳೆದು ಹೂಂ ಎಂದ ಮೇಲೆಯೇ ಗೆರೆ. ನಾಲ್ಕು ದಿನ ಕೆತ್ತಿದೆ, ಉಜ್ಜು ಕಾಗದದಿಂದ ತಿಕ್ಕಿದೆ, ಬೆರಳ ತುದಿಗಳು ಸವೆದು ಉರಿಯುತ್ತಿದ್ದವು.

ಶನಿವಾರ ಮಾಸ್ತರರು ಬಂದು ಅಕ್ಕ ಬರೆದುಕೊಟ್ಟ ಚೀಟಿ ಓದಿದರು: 'ಒಂದು ಅಡಿಗೆ ಅರ್ಧ ಇಂಚು.' ಜೇಬಿನಿಂದ ಫೂಟುಪಟ್ಟಿ ತೆಗೆದು ಅಳೆದರು. ಹದಿನಾಲ್ಕೂ ಮುಕ್ಕಾಲು.

"ಅಂದ್ರ ಖರೆ ವಿಮಾನ ಇಪ್ಪತ್ತೊಂಬತ್ತೂವರಿ ಅಡಿ. ಈ ಅಳತಿ ಎಲ್ಲಿಂದ ತಂದಿ?"

"ಉಣಕಲ್ಲಿಂದ್ರಿ ಸರ್" ಎಂದೆ.

ಮಾಸ್ತರರು ಅಕ್ಕನ ಲೆಕ್ಕದ ಹಾಳೆಯನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. ಆಮೇಲೆ ವಿಮಾನವನ್ನು ಎರಡೂ ಕೈಗಳಿಂದ ಎತ್ತಿ ತಾವೇ ಒಯ್ದು ದೊಡ್ಡವರ ಮೇಜಿನ ನಡುವೆ ಇಟ್ಟರು. ಬಹುಮಾನ ಬಾವಿಯಿಂದ ನೀರೆತ್ತುವ ಯಂತ್ರದ ಮಾದರಿಗೆ ಹೋಯಿತು. ಹೋಗಲಿ, ಆ ಯಂತ್ರ ಚೆನ್ನಾಗಿತ್ತು. 'ಜುಂಯ್' ಮಾತ್ರ ಸೋಮವಾರದಿಂದ ನಿಂತಿತು.

ಮಕ್ಕಳೇ, ನೀವು ಈಗ ನನ್ನ ಮೇಜಿನ ಮೇಲೆಯೇ ಡಬ್ಬಿ ಬಿಚ್ಚಿ ಪ್ಲಾಸ್ಟಿಕ್ಕಿನ ವಿಮಾನ ಜೋಡಿಸುತ್ತೀರಿ. ಒಂದೊಂದು ತುಂಡಿಗೂ ನಂಬರು ಇರುತ್ತದೆ. ಮೊನ್ನೆ ನೀವಿಬ್ಬರೂ ಬೂದುಬಣ್ಣ ಎಷ್ಟು ಕಪ್ಪಾಗಿರಬೇಕೆಂದು ಫೋನ್ ಹಿಡಿದು ಒಂದು ತಾಸು ಜಗಳಾಡಿದಿರಿ. ನಿಮ್ಮ ಅಜ್ಜಿ ಬೈದಳು. ನನಗೆ ಮಾತ್ರ ಬಹಳ ಸಂತೋಷವಾಯಿತು. ಫೋನಿನಲ್ಲಿ ಒಂದು ಕಡೆ ಒಂದು ಅಂಕಿ, ಇನ್ನೊಂದು ಕಡೆ ಬೇರೆ ಅಂಕಿ ಸಿಕ್ಕಾಗ ಯಾವುದು ಖರೆ ಎಂದು ಹುಡುಕುತ್ತೀರಲ್ಲ, ನಾವು ಉಣಕಲ್ಲಿಗೆ ಹೋದದ್ದೂ ಅದಕ್ಕೇ. ನಿಮಗೆ ಅರ್ಧ ನಿಮಿಷ ಸಾಕು. ನಮ್ಮ ಅಂಕಿ ಸರಿಯೋ ತಪ್ಪೋ ಎಂದು ತಿಳಿಯಲು ನಾವು ಬಹಳ ವರ್ಷ ಕಾಯಬೇಕಾಯಿತು.

ನಾನು ನೌಕರಿಗೆ ಸೇರಿದ ಮೇಲೆ ಒಂದು ದಿನ ಚಾಚಾ ಗೋಪನಕೊಪ್ಪದ ನಮ್ಮ ಮನೆಗೆ ಬಂದ. ತಲೆ ಅರ್ಧ ಬೆಳ್ಳಗಾಗಿತ್ತು, ಕಂಕುಳಲ್ಲಿ ಪ್ಯಾಂಟಿನ ಬಟ್ಟೆ. "ನಾನೂ ರಿಟೈರ್ ಆದೆ, ಆ ವಿಮಾನಾನೂ ರಿಟೈರ್ ಆತು. ಈಗ ಹೇಳಿದ್ರ ನಡೀತದ" ಎಂದು ಕೂತ. "ಇಪ್ಪತ್ತೊಂಬತ್ತ್ ಅಡಿ ಒಂಬತ್ತ್ ಇಂಚು."

ಮೂರೇ ಇಂಚು ಕಡಿಮೆ! ನನ್ನ ಮಾದರಿಯಲ್ಲಿ ಅದು ಒಂದು ಜೋಳದ ಕಾಳಿನಷ್ಟೂ ಇಲ್ಲ. ಅಪ್ಪ ಕನ್ನಡಕದ ಮೇಲಿನಿಂದ ನೋಡಿ, "ಮೂರ್ ಇಂಚು ಹೊಲಿಗ್ಯಾಗ ಹೋತು ಬಿಡ್ರಿ" ಎಂದ.

ಚಾಚಾ ಅಳತೆ ಕೊಡಲು ಎದ್ದು ನಿಂತ. ಅಪ್ಪ ಬೇಡವೆಂದು ಕೈ ಮಾಡಿ, ಟ್ರಂಕಿನಿಂದ ಹಳೆಯ ವಹಿ ತೆಗೆಸಿ, ಆ ಪುಟ ಹುಡುಕಿ, ನಲವತ್ತೆರಡಕ್ಕೇ ಬಟ್ಟೆ ಕತ್ತರಿಸಿದ. ನಾಲ್ಕನೆಯ ದಿನ ಚಾಚಾ ಬಂದು ಪ್ಯಾಂಟು ಹಾಕಿ, ಬೂಟು ಹಾಕಿ, ಪಡಸಾಲೆಯಲ್ಲಿ ಎರಡು ಸುತ್ತು ನಡೆದ. ತಳ ಬೂಟಿನ ಮೇಲೆ ಸರಿಯಾಗಿ ಕೂತಿತ್ತು. ಸೊಂಟದಲ್ಲಿ ಮಾತ್ರ ಹೊಲಿಗೆ ಬಿಚ್ಚಿ ಎರಡು ಇಂಚು ಸಡಿಲ ಬಿಡಬೇಕಾಯಿತು.