ಮೆಹರಿಗೆ ಕೊಟ್ಟ ಷೇರುಗಳು

ನನ್ನ ಕೈಯ ಬಂಗಾರದ ಪಾಟ್ಲಿ ಬಳೆಗಳನ್ನು ನೋಡಿದವರೆಲ್ಲ ಹಳೆಯ ಕಾಲದ ಕೆಲಸ, ಇಂಥದ್ದು ಈಗ ಯಾರು ಮಾಡುತ್ತಾರೆ ಎಂದು ಹೊಗಳುತ್ತಾರೆ. ಅಪ್ಪ ಮಾಡಿಸಿಕೊಟ್ಟದ್ದು ಎಂದಷ್ಟೇ ಹೇಳುತ್ತೇನೆ. ಯಾವ ದುಡ್ಡಿನಲ್ಲಿ ಮಾಡಿಸಿದ ಎಂಬುದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಅದನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಸಾಯುವ ಧೈರ್ಯ ನನಗಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಭಾಲ್ಕಿ. ಅಪ್ಪನದು ತಂಗಡಿ ತೊಗಟೆಯ ವ್ಯಾಪಾರ. ಔರಾದ ಕಡೆಯ ಬೀಳು ನೆಲದಲ್ಲಿ ತಂಗಡಿ ಗಿಡಕ್ಕೆ ಬರವಿರಲಿಲ್ಲ. ಸಂತಪುರದ ಕುರಿಗಾರರು ಕುರಿ ಮೇಯಿಸುತ್ತಲೇ ತೊಗಟೆ ಸುಲಿದು ಒಣಗಿಸಿ ಕೊಡುತ್ತಿದ್ದರು. ಅಪ್ಪ ಅದನ್ನು ಗಾಡಿಗೆ ಹೇರಿಸಿ ಬೀದರಿನ ಒಬ್ಬ ಸೇಠರ ಚರ್ಮ ಹದ ಮಾಡುವ ಕಾರ್ಖಾನೆಗೆ ಮಾರುತ್ತಿದ್ದ. ಸೇಠರು ಮುಸಲ್ಮಾನರು, ಅಪ್ಪನ ಇಪ್ಪತ್ತು ವರ್ಷದ ಸ್ನೇಹಿತರು. ಸ್ನೇಹವೆಂದರೆ ಎಂಥದ್ದು? ಅಪ್ಪ ಅವರ ಮನೆಯ ನೀರು ಮುಟ್ಟುತ್ತಿರಲಿಲ್ಲ. ಚರ್ಮದ ವಾಸನೆ ಹತ್ತಿದೆಯೆಂದು ಬಂದ ಕೂಡಲೇ ಸ್ನಾನ ಮಾಡಿ, ಆಮೇಲೆ ಲಿಂಗಪೂಜೆಗೆ ಕೂಡುತ್ತಿದ್ದ. ಅವರ ದುಡ್ಡಿಗೆ ಮಾತ್ರ ಯಾವ ವಾಸನೆಯೂ ಇರಲಿಲ್ಲ.

ಚರ್ಮ ಹದ ಮಾಡಲು ತೊಗಟೆಯ ಜೊತೆಗೆ ತೇಜಾಬೂ ಬೇಕು. ತೇಜಾಬೆಂದರೆ ಗಂಧಕದ ಆಸಿಡ್ಡು. ಹೈದರಾಬಾದಿನ ಒಂದು ಕಂಪನಿ ಅದನ್ನು ತಯಾರಿಸಿ, ದೊಡ್ಡ ಗಾಜಿನ ಜಾಡಿಗಳಲ್ಲಿ ತುಂಬಿ, ಬಿದಿರಿನ ಬುಟ್ಟಿಯಲ್ಲಿ ಹುಲ್ಲು ಒತ್ತಿ ರೈಲಿಗೆ ಹಾಕುತ್ತಿತ್ತು. ಮಹಾಯುದ್ಧ ನಡೆಯುವಷ್ಟು ಕಾಲ ಕಂಪನಿ ಮೆರೆಯಿತು. ಯುದ್ಧ ಮುಗಿದದ್ದೇ ತಡ, ತೇಜಾಬು ಕೇಳುವವರಿಲ್ಲದೆ ಭಟ್ಟಿಗಳು ಒಂದೊಂದಾಗಿ ಆರಿದವು, ಲಾಭ ಹಂಚುವುದು ನಿಂತಿತು, ಷೇರು ಕವಡೆ ಬೆಲೆಗೆ ಇಳಿಯಿತು. ಎಲ್ಲರೂ ಮಾರಿ ಕೈತೊಳೆದುಕೊಳ್ಳುತ್ತಿದ್ದಾಗ ಸೇಠರು ಕೊಳ್ಳತೊಡಗಿದರು. ಅಪ್ಪ ತಲೆ ಕೆಟ್ಟಿದೆಯೇ ಎಂದು ನಕ್ಕ. ಅವರು ಕೊಟ್ಟ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ.

"ಸಾವ್ಕಾರ್ರ, ನೀವು ಕಂಪನಿ ಕಾಗದ ನೋಡ್ತೀರಿ, ನಾ ಜಾಡಿ ನೋಡ್ತೀನಿ. ಬೇಕಂತ ಬರ್ದು ಎಂಟು ದಿನಕ್ಕ ಜಾಡಿ ಬಂತಂದ್ರ ಕಂಪನಿ ಉಪವಾಸ ಅದ ಅಂತ ತಿಳೀರಿ. ಎರಡು ತಿಂಗಳಾದ್ರೂ ಬರ್ಲಿಲ್ಲಂದ್ರ ಭಟ್ಟಿ ಎಲ್ಲಾ ಉರೀಲತ್ತಾವ, ಮಾಲು ಸಾಲಂಗಿಲ್ಲ ಅಂತ ತಿಳೀರಿ. ಉಪವಾಸ ಇದ್ದಾಗ ತಗೋಬೇಕು, ಊಟಕ್ಕ ಕುಂತಾಗ ಮಾರ್ಬೇಕು. ಜನ ಚಪ್ಪಲಿ ಹಾಕ್ಕೊಳ್ಳೋದು ಬಿಡ್ತಾರೇನ್ರಿ?"

ಅವರ ಒತ್ತಾಯಕ್ಕೆ ಅಪ್ಪ ಹತ್ತು ಷೇರು ತೆಗೆದುಕೊಂಡ. ಸೇಠರು ಇನ್ನೂರು ತೆಗೆದುಕೊಂಡು ಎಲ್ಲವನ್ನೂ ಹೆಂಡತಿಯ ಹೆಸರಿಗೆ ಬರೆಸಿದರು. ಮದುವೆಯಲ್ಲಿ ಹೆಂಡತಿಗೆ ಕೊಡುತ್ತೇನೆಂದು ಒಪ್ಪಿದ ಮೆಹರನ್ನು ಎಷ್ಟೋ ಗಂಡಂದಿರು ಸಾಯುವತನಕ ಕೊಡುವುದಿಲ್ಲ. ಹೆಣದ ಮುಂದೆ ಕೂತು ಹೆಂಡತಿ ಮಾಫಿ ಮಾಡಿದೆ ಎಂದುಬಿಟ್ಟರೆ ಮುಗಿಯಿತು. ಸೇಠರಿಗೆ ಅದು ಬೇಡವಾಗಿತ್ತು, ಬದುಕಿರುವಾಗಲೇ ಕೊಟ್ಟು ತೀರುತ್ತೇನೆಂದು ಹಟ ಹಿಡಿದರು. ಬಂಗಾರದ ಬದಲು ತೇಜಾಬಿನ ಕಾಗದವೇ ಎಂದು ಆಕೆಯ ಅಕ್ಕತಂಗಿಯರು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕರಂತೆ. ಸೇಠರ ಹೆಂಡತಿಯನ್ನು ನಾನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಅಪ್ಪನ ಜೊತೆ ಬೀದರಿಗೆ ಹೋದಾಗಲೆಲ್ಲ ಒಳಮನೆಯಲ್ಲಿ ಅವರ ಪಕ್ಕದಲ್ಲೇ ನನ್ನ ಜಾಗ. ನೀರನ್ನೂ ಕುಡಿದಿದ್ದೇನೆ, ಅಪ್ಪನಿಗೆ ಗೊತ್ತಿಲ್ಲದ ಹಾಗೆ.

ರಜಾಕಾರರ ಹಾವಳಿಯಲ್ಲಿ ಒಮ್ಮೆ ಅಪ್ಪನ ಗಾಡಿಗಳನ್ನು ದಾರಿಯಲ್ಲಿ ಹಿಡಿದಿದ್ದರು. ಎತ್ತು ಸಮೇತ ಬಿಡಿಸಿ ಕಳಿಸಿದವರು ಸೇಠರೇ. ಹೈದರಾಬಾದಿಗೆ ಭಾರತದ ಸೈನ್ಯ ನುಗ್ಗಿ ಪೊಲೀಸ್ ಆಕ್ಷನ್ ಆದ ವಾರ, ಮುಸಲ್ಮಾನರ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದಾಗ, ಚರ್ಮ ಕೊಳ್ಳಲು ಕಮಲನಗರಕ್ಕೆ ಹೋದ ಸೇಠರನ್ನು ಬಿಡಿಸಿಕೊಳ್ಳಲು ಯಾರೂ ಇರಲಿಲ್ಲ. ದಾರಿಯಲ್ಲೇ ಕೊಂದರು. ಕೊಂದವರು ಯಾವ ಊರವರು ಎಂದು ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಮೂರನೆಯ ದಿನ ಹೆಣ ಬೀದರಿಗೆ ಬಂದು ಮಣ್ಣಾಯಿತು. ಅಪ್ಪ ಎರಡು ದಿನ ಉಣ್ಣಲಿಲ್ಲ. ಅದು ನಾಟಕವಲ್ಲ, ನಿಜ. ಮೂರನೆಯ ದಿನ ಉಂಡ.

ನಾನು ಆಗ ಹೊಸದಾಗಿ ಮದುವೆಯಾಗಿ ಔರಾದಿನ ಗಂಡನ ಮನೆಯಲ್ಲಿದ್ದೆ. ದೀಪಾವಳಿಗೆ ತವರಿಗೆ ಬಂದ ಮಾರನೆಯ ದಿನ ಅಪ್ಪ ಒಂದು ಕಾಗದ ತಂದು ನನ್ನ ಮುಂದಿಟ್ಟ. ತೇಜಾಬಿನ ಕಂಪನಿಯಿಂದ ಬಂದದ್ದು, ಉರ್ದುವಿನಲ್ಲಿತ್ತು. ಅಪ್ಪನಿಗೆ ಉರ್ದು ಓದಲು ಬರುತ್ತಿರಲಿಲ್ಲ, ನಾನು ಉರ್ದು ಸಾಲಿಯಲ್ಲಿ ಕಲಿತವಳು. ಆರಿದ ಭಟ್ಟಿಗಳೆಲ್ಲ ಮತ್ತೆ ಹತ್ತಿಕೊಂಡಿವೆ, ಮುಂಬಯಿಯ ದೊಡ್ಡ ಕಂಪನಿಯೊಂದರ ಜೊತೆ ವಿಲೀನದ ಮಾತು ನಡೆದಿದೆ, ಅದು ಕೂಡಿಬಂದರೆ ಎರಡು ಹಳೆಯ ಷೇರಿಗೆ ಮುಂಬಯಿ ಕಂಪನಿಯ ಮೂರು ಷೇರು ಸಿಗುತ್ತವೆ ಎಂದಿತ್ತು. ಅಪ್ಪ ಮೂರು ಸಲ ಓದಿಸಿದ. ಹತ್ತು ಷೇರಿನವನು ಮೂರು ಸಲ ಓದಿಸುವ ಕಾಗದ ಅದಲ್ಲ. ಅಪ್ಪನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ಆಗಲೇ ತಿಳಿಯಬೇಕಿತ್ತು. ತಿಳಿಯಿತು ಎಂದೇ ಹೇಳುತ್ತೇನೆ, ಇನ್ನು ಸುಳ್ಳು ಯಾಕೆ.

ಖಾಲಾ ಅವರಿಗೂ ಅದೇ ಕಾಗದ ಬಂದಿರಬೇಕು. ಆದರೆ ಅವರ ವಿಳಾಸ ಕಾರ್ಖಾನೆಯದು, ಕಾರ್ಖಾನೆಗೆ ಬೀಗ ಬಿದ್ದು ಎಷ್ಟೋ ದಿನವಾಗಿತ್ತು. ಅವರು ಇದ್ದತ್ತಿನಲ್ಲಿದ್ದರು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ, ಪರ ಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಪೇಟೆಯಲ್ಲಿ ಏನು ನಡೆದಿದೆ ಎಂದು ಹೇಳುವ ಗಂಡಸು ಮನೆಯಲ್ಲಿ ಯಾರೂ ಉಳಿದಿರಲಿಲ್ಲ. ಇದ್ದತ್ತು ಮುಗಿದೊಡನೆ ಹೈದರಾಬಾದಿನ ತಮ್ಮನ ಮನೆಗೆ ಹೋಗುವುದಿತ್ತು. ಷೇರಿನ ಕಾಗದಗಳನ್ನು ಕೊಂಡುಕೊಳ್ಳುತ್ತೀರಾ ಎಂದು ಮುದುಕಿ ಕೆಲಸದಾಕೆಯ ಕೈಯಲ್ಲಿ ಅಪ್ಪನಿಗೇ ಹೇಳಿಕಳಿಸಿದರು. ಗಂಡನ ಸ್ನೇಹಿತನಲ್ಲವೇ?

"ನೀನೂ ಬಾ ತಂಗಿ" ಎಂದ ಅಪ್ಪ. "ಆಕಿ ನನ್ನ ಮುಂದ ಬರಂಗಿಲ್ಲ. ಒಳಗ ಕುಂತು ನೀನೇ ಮಾತಾಡ್ಬೇಕು."

ದಾರಿಯಲ್ಲಿ ನನಗೆ ಪಾಠವಾಯಿತು. "ಆ ಕಾಗದದ ಮಾತು ಎತ್ತಬ್ಯಾಡ. ಕೇಳಿದ್ರ ಗೊತ್ತಿಲ್ಲ ಅನ್ನು."

"ಸುಳ್ಳಾಗ್ತದಲ್ಲಪ್ಪಾ."

"ಎದರ ಸುಳ್ಳು? ಕಂಪನಿ ಕೂಡ್ತಾವೋ ಇಲ್ಲೋ ಯಾರಿಗಿ ಗೊತ್ತದ? ನಮ್ಮ ರಾಜ್ಯಾನೇ ಮುಂದ ಏನಾಗ್ತದ ಗೊತ್ತಿಲ್ಲ. ಕೂಡ್ಲಿಲ್ಲಂದ್ರ ಲುಕ್ಸಾನು ನಂದೇ. ಆಕಿಗಿ ರೊಕ್ಕ ಇವತ್ತ ಬೇಕು, ನಾ ಇವತ್ತ ಕೊಡ್ಲತ್ತೀನಿ." ಆಮೇಲೆ, "ನಿನಗ ಪಾಟ್ಲಿ ಮಾಡ್ಸಿಕೊಡ್ತೀನಿ" ಎಂದ.

ಬರಿಗೈಯಲ್ಲಿ ಬಂದ ಸೊಸೆ ಎಂದು ಅತ್ತೆ ದಿನ ಬೆಳಗಾದರೆ ಚುಚ್ಚುತ್ತಿದ್ದ ಕಾಲ ಅದು. ಆಗಲಿ ಎಂದೆ.

ಖಾಲಾ ಅವರ ಮನೆ ಬೀದರಿನ ಚಿದ್ರಿಯಲ್ಲಿತ್ತು. ಅಪ್ಪ ಪರದೆಯ ಆಚೆ ಪಡಸಾಲೆಯಲ್ಲಿ ಕೂತ, ನಾನು ಒಳಗೆ ಹೋದೆ. ಬಳೆಯಿಲ್ಲದ ಕೈಗಳಿಂದ ನನ್ನ ಮುಖ ಸವರಿದರು, ಗಂಡನ ಮನೆಯಲ್ಲಿ ಸುಖವಾಗಿದ್ದೀಯಾ ಎಂದು ಕೇಳಿದರು. ಟ್ರಂಕಿನಿಂದ ಕಾಗದಗಳ ಕಟ್ಟು ತೆಗೆದು ನನ್ನ ತೊಡೆಯ ಮೇಲಿಟ್ಟರು. ಬೆಲೆ ಎಷ್ಟೆಂದು ಕೇಳಲೇ ಇಲ್ಲ. ಅವರು ಕೇಳಿದ್ದು ಬೇರೆ.

"ಬೇಟಿ, ನೀ ಓದಿದಾಕಿ, ಖರೇ ಹೇಳು. ನಾ ಬಂಗಾರ ಕೊಡ್ರಿ ಅಂತ ಕೇಳಿದ್ದೆ, ಅವರು ಇದನ್ನ ಕೊಟ್ರು. ಮಂದಿ ನಗ್ತಾರ. ನನಗ ಮೆಹರ್ ಕೊಟ್ಟಂಗ ಮಾಡಿ ಮೋಸ ಮಾಡಿದ್ರೇನು, ಇಲ್ಲಾ ತಾವೇ ಮೋಸ ಹೋದ್ರೇನು?"

ಗೊತ್ತಿಲ್ಲ ಎನ್ನು ಎಂದಷ್ಟೇ ಅಪ್ಪ ಹೇಳಿಕೊಟ್ಟಿದ್ದ. ಅಷ್ಟನ್ನೇ ಹೇಳಿದ್ದರೂ ಆಗುತ್ತಿತ್ತು. ಪರದೆಯ ಆಚೆ ಅಪ್ಪ ಕೆಮ್ಮಿದ. ನನ್ನ ಬಾಯಿಂದ ಬಂದ ಮಾತು ನನ್ನದೇ, ಯಾರೂ ಹೇಳಿಕೊಟ್ಟದ್ದಲ್ಲ.

"ಅವರೇ ಮೋಸ ಹೋದ್ರು ಖಾಲಾ."

"ಪಾಪ, ಭೋಳೆ ಮನುಷ್ಯ" ಎಂದು ತಲೆ ಅಲ್ಲಾಡಿಸಿ ಹೆಬ್ಬೆಟ್ಟು ಚಾಚಿದರು. ಮಸಿ ಹಚ್ಚಿ ಒತ್ತಿಸಿದವಳು ನಾನು, ಕೆಳಗೆ ಸಾಕ್ಷಿ ಸಹಿ ಹಾಕಿದವಳೂ ನಾನೇ. ಅಪ್ಪ ಪರದೆಯ ಕೆಳಗಿನಿಂದ ಹೈದರಾಬಾದ್ ರಾಜ್ಯದ ಹಾಲಿ ಸಿಕ್ಕಾ ರೂಪಾಯಿಗಳ ಗಂಟನ್ನು ಸರಿಸಿದ.

ಹೊರಗೆ ಬಂದರೆ ಅಂಗಳದಲ್ಲಿ ಆರು ಜಾಡಿಗಳು, ಬುಟ್ಟಿಯ ಹುಲ್ಲು ಇನ್ನೂ ಹೊಸದು. ಮುದುಕಿ ಕೆಲಸದಾಕೆ ಕೇಳದೆಯೇ ಹೇಳಿದಳು: "ಸೇಠರು ಮಳಿಗಾಲದಾಗ ಬರ್ದಿದ್ರು, ಮೊನ್ನೆ ಬಂದಾವ್ರಿ. ಕಾರ್ಖಾನಿಗಿ ಬೀಗ ಅದಂತ ಗಾಡಿಯವ ಇಲ್ಲಿ ಇಳಿಸಿ ಹೋಗ್ಯಾನ. ಈಗ ಯಾರಿಗಿ ಬೇಕು?" ಅಪ್ಪ ಜಾಡಿಗಳನ್ನು ನೋಡಿದ, ನಾನು ಅಪ್ಪನನ್ನು ನೋಡಿದೆ. ಊರು ಬಿಟ್ಟ ಮೇಲೆ, "ಗದ್ದಲದಾಗ ರೈಲು ನಿಂತಿತ್ತಲ್ಲ, ಅದಕ್ಕ ತಡ ಆಗ್ಯಾದ" ಎಂದ. ನಾನೇನೂ ಕೇಳಿರಲಿಲ್ಲ.

ವಿಲೀನ ಕೂಡಿಬಂತು. ಅಪ್ಪ ಅವಸರ ಮಾಡಲಿಲ್ಲ. ಸೇಠರು ಹೇಳಿಕೊಟ್ಟಂತೆ ಕಾದು, ಕಂಪನಿ ಊಟಕ್ಕೆ ಕೂತಾಗ ಮಾರಿದ. ಬಂದದ್ದು ಕಲ್ದಾರ್, ಹಾಲಿಗಿಂತ ಬೆಲೆ ಹೆಚ್ಚಿನ ಇಂಡಿಯಾದ ರೂಪಾಯಿ. ಭಾಲ್ಕಿಯ ಮನೆಗೆ ಎರಡು ಕೋಣೆ ಹೆಚ್ಚಾದವು, ಮಠದಲ್ಲಿ ಒಂದು ದಿನದ ದಾಸೋಹ ನಡೆಯಿತು, ಅಪ್ಪನನ್ನು ಧರ್ಮಾತ್ಮನೆಂದರು. ಪಾಟ್ಲಿ ತೊಟ್ಟು ಔರಾದಿಗೆ ಹೋದ ದಿನ ಅತ್ತೆ ತನ್ನ ಕೈಯಾರೆ ನನಗೆ ಬಡಿಸಿದಳು. ನನಗೆ ಅಂದು ಸಂತೋಷವಾಗಿತ್ತು, ಅದನ್ನೂ ಬರೆದಿಡುತ್ತೇನೆ.

ಹೈದರಾಬಾದ್ ರಾಜ್ಯ ಒಡೆದು ಬೀದರ ಮೈಸೂರಿಗೆ ಸೇರುವ ಸ್ವಲ್ಪ ಮುಂಚೆ, ಬೀದರಿನ ಬಸ್ ಸ್ಟ್ಯಾಂಡಿನಲ್ಲಿ ಖಾಲಾ ಸಿಕ್ಕರು. ಸೊರಗಿದ್ದರು. ಹೈದರಾಬಾದಿನಲ್ಲಿ ಮಂದಿಯ ಬಟ್ಟೆ ಹೊಲಿಯುತ್ತಿದ್ದೇನೆಂದರು. ನನ್ನ ಕೈ ಹಿಡಿದು ಪಾಟ್ಲಿ ತಿರುಗಿಸಿ ನೋಡಿದರು.

"ಅಪ್ಪ ಮಾಡ್ಸಿದ್ದೇನು? ನಿಮ್ಮಪ್ಪ ಭಾಳ ದೊಡ್ಡ ಮನುಷ್ಯ. ಕೆಲಸಕ್ಕ ಬಾರದ ಕಾಗದ ತಗೊಂಡು ಅಂಥಾದ್ರಾಗ ನನಗ ರೊಕ್ಕ ಕೊಟ್ರು. ದಿನಾ ಅವರ ಸಲುವಾಗಿ ದುಆ ಮಾಡ್ತೀನಿ." ಆಮೇಲೆ ದನಿ ಇಳಿಸಿ ಹೇಳಿದರು: "ಇವತ್ತ ನಮ್ಮನಿಯವರ ಗೋರಿಗೆ ಹೋಗಿದ್ದೆ. ಇಷ್ಟು ವರ್ಷ ಸಿಟ್ಟಿತ್ತು ಬೇಟಿ, ಬಿಟ್ಟೆ. ಮುಂದ ಕುಂತು ಹೇಳಿ ಬಂದೆ, ನನ್ನ ಮೆಹರ್ ನಿಮಗ ಮಾಫ್ ಮಾಡೀನಿ ಅಂತ."

ಕೊಟ್ಟು ತೀರಿಸಿ ಸತ್ತ ಮನುಷ್ಯನಿಗೆ ಅವರು ಮಾಫಿ ಮಾಡಿ ಬಂದಿದ್ದರು. ಅವರ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು. ನಾನು ಎರಡೂ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಬಸ್ಸು ಬರುವತನಕ ಅವರ ಪಕ್ಕದಲ್ಲಿ ಕೂತಿದ್ದೆ.