ಐದು ಸೆಂಟಿಮೀಟರ್ ಎತ್ತರ

ಶನಿವಾರ, ಬೆಳಿಗ್ಗೆ ಒಂಬತ್ತೂವರೆ, ಕೊಂಡಾಪುರದ ಕ್ಲಿನಿಕ್. ನಾನು, ನನ್ನ ಮಗಳು, ಕಾರ್ಡು ತುಂಬುವ ಹುಡುಗಿ. ಗೋಡೆಯಲ್ಲಿ ಎತ್ತರ ಅಳೆಯುವ ಪಟ್ಟಿ ಇತ್ತು. ಅದರ ಮೇಲೆ ಯಾರದೋ ದುಪಟ್ಟಾ ನೇತಾಡುತ್ತಿತ್ತು. “ಅಂಕಲ್, ಹೈಟ್ ವಹೀ ಹೈ ನಾ?” ಎತ್ತರ ಅದೇ ತಾನೇ ಎಂದವಳೇ ಆ ಹುಡುಗಿ ಉತ್ತರಕ್ಕೂ ಕಾಯದೆ ಹಳೆಯ ಕಾರ್ಡಿನ ಅಂಕಿಯನ್ನು ಹೊಸದಕ್ಕೆ ಇಳಿಸಿದಳು. ಹಾಗೆ ಎಂದೂ ಇಳಿಸದ ಒಬ್ಬರು ನೆನಪಾದರು…

ನಿವೃತ್ತನಾಗುವ ಬಹಳ ಮೊದಲು ನಾನು ಹಿಮಾಯತ್‌ನಗರದ ಒಂದು ಸಂಶೋಧನಾ ಕಚೇರಿಯಲ್ಲಿ ಅಂಕಿ ವಿಭಾಗ ನೋಡಿಕೊಳ್ಳುತ್ತಿದ್ದೆ. ಸಕ್ಕರೆ ಕಾಯಿಲೆಯ ಹೊಸ ಮಾತ್ರೆಯೊಂದನ್ನು ಪರೀಕ್ಷಿಸುವ ಅಧ್ಯಯನ ನಡೆದಿತ್ತು. ರೋಗಿಗಳು ಐದು ಸಲ ಬರಬೇಕು. ಪ್ರತಿ ಸಲವೂ ತೂಕ, ಎತ್ತರ, ರಕ್ತದ ಸಕ್ಕರೆ ಬರೆದು ಮಾತ್ರೆ ಕೊಡಬೇಕು. ಐದನೆಯ, ಕೊನೆಯ ಸಲದ ಹೊತ್ತಿಗೆ ದಿಲ್‌ಸುಖ್‌ನಗರದ ಕೇಂದ್ರಕ್ಕೆ ಬೀದರ್ ಕಡೆಯ ನರ್ಸ್ ಒಬ್ಬರು ಹೊಸದಾಗಿ ಬಂದರು. ಅವರನ್ನು ಎಲ್ಲರೂ ಅಕ್ಕೋರು ಎನ್ನುತ್ತಿದ್ದೆವು. ಶನಿವಾರ ಹತ್ತಕ್ಕೆ ಕಾರ್ಡುಗಳ ಕಟ್ಟು ತರುತ್ತಿದ್ದರು. ಹತ್ತೂವರೆಗೆ ನಾನು ಅಂಕಿಗಳನ್ನು ಸಾಫ್ಟ್‌ವೇರ್‌ಗೆ ಕೊಡುತ್ತಿದ್ದೆ. ಒಂದಕ್ಕೊಂದು ಹೊಂದದವನ್ನು ಅದು ಪಟ್ಟಿ ಮಾಡಿ ಮುದ್ರಿಸುತ್ತಿತ್ತು. ಊಟಕ್ಕೆ ಮೊದಲು ಪಟ್ಟಿ ಖಾಲಿಯಾಗಬೇಕು. ಅದು ನನ್ನ ನಿಯಮ.

ಆ ದಿನ ಪಟ್ಟಿಯಲ್ಲಿ ಒಂದೇ ಸಾಲು. ಕಾರ್ಡು ನೂರಾ ಹನ್ನೆರಡು, ಹೆಂಗಸು, ನಲವತ್ತಾರು ವರ್ಷ. ನಾಲ್ಕು ಸಲ ಎತ್ತರ ನೂರಾ ನಲವತ್ತೇಳು. ಐದನೆಯ ಸಲ ನೂರಾ ಐವತ್ತೆರಡು.

“ಈ ವಯಸ್ಸಿನಲ್ಲಿ ಯಾರಾದರೂ ಬೆಳೀತಾರಾ ಅಕ್ಕೋರೆ? ತಪ್ಪು ಅಳೆದಿದ್ದೀರಿ.”

“ಎರಡ ಸಲ ಅಳದೀನ್ರಿ ಸರ. ನಿಮ್ಮ ಮಷೀನು ಆಕಿ ಮನಿಗಿ ಹೋಗಿ ಬಂದೈತೇನು?”

ನಾನು ನಗಲಿಲ್ಲ. ಅವರು ಚೀಲದಿಂದ ಟೇಪು ತೆಗೆದು, “ಚಪ್ಲಿ ಬಿಡ್ರಿ” ಎಂದು ನನ್ನನ್ನೇ ಬಾಗಿಲ ಚೌಕಟ್ಟಿಗೆ ನಿಲ್ಲಿಸಿದರು. “ನೂರಾ ಅರವತ್ತಾರು. ಸರ್ವೀಸ್ ಬುಕ್ಕಿನ್ಯಾಗ ಏನ ಬರದೈತಿ ನೋಡ್ರಿ.” ಅಷ್ಟೇ ಬರೆದಿತ್ತು. ಟೈಪಿಸ್ಟ್ ಮುಖ ತಿರುಗಿಸಿಕೊಂಡು ನಕ್ಕಳು.

ನನಗೆ ಕೋಪ ಬಂತು. ಅವರು ಹೋದ ಮೇಲೆ ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದೆ: ಎಲ್ಲ ರೋಗಿಗಳಿಗೂ ಮೊದಲ ಸಲದ ಎತ್ತರವೇ ಇರಲಿ. ಒಂದು ಗುಂಡಿ ಒತ್ತಿದೆ. ಪಟ್ಟಿ ಖಾಲಿಯಾಯಿತು. ಊಟಕ್ಕೆ ಹೋದೆ.

ಮುಂದಿನ ಶನಿವಾರ ಅಕ್ಕೋರು ಒಂಬತ್ತಕ್ಕೇ ಬಂದು ಕಾಯುತ್ತಿದ್ದರು. ನೂರಾ ಹನ್ನೆರಡನೆಯ ಕಾರ್ಡಿನ ವಿಳಾಸ ಹುಡುಕಿಕೊಂಡು ತಾವೇ ಆ ಮನೆಗೆ ಹೋಗಿದ್ದರು.

“ಆಕಿ ತೀರಕೊಂಡು ಎರಡ ತಿಂಗಳಾತ್ರಿ ಸರ. ಮುಂಜಾನೆ ನಮ್ಮ ಮಾತ್ರಿ ನುಂಗಿ, ಮೈಯೆಲ್ಲ ಬೆವತು, ಕುಂತಲ್ಲೇ ಹೊರಳಿದಳಂತ. ಕಾರ್ಡ ಹಿಡಕೊಂಡು ಬಂದಾಕಿ ಆಕಿ ತಂಗಿ. ಈಕಿಗೂ ಸಕ್ರಿ ಬ್ಯಾನಿ ಐತಿ, ಪುಕ್ಕಟ ಮಾತ್ರಿ ಸಿಗ್ತಾವಂತ ಬಂದಾಳ. ಈಕೀನ್ನ ಸರಕಾರಿ ದವಾಖಾನಿಗಿ ನಾ ಕರಕೊಂಡ ಹೋಗ್ತೀನಿ. ನೀವು ಆ ಸಾವು ಬರೀರಿ.”

ಸೋಮವಾರ ಫಲಿತಾಂಶದ ಕೋಷ್ಟಕಗಳು ದೆಹಲಿಗೆ, ಮಾತ್ರೆಗೆ ಅನುಮತಿ ಕೊಡುವ ಕಚೇರಿಗೆ ಹೋಗಬೇಕಿತ್ತು. ಒಂದು ಸಾವು ಸೇರಿಸಿದರೆ ಎಲ್ಲ ಲೆಕ್ಕವನ್ನೂ ಮತ್ತೆ ಮಾಡಬೇಕು. ಆ ಸಾವಿಗೆ ಮಾತ್ರೆ ಕಾರಣವೇ ಎಂದು ವಿಚಾರಣೆಯಾಗಬೇಕು. ಪ್ರಮಾಣಪತ್ರವಿಲ್ಲದೆ ಸಾವು ಬರೆಯುವಂತಿಲ್ಲ ಎಂದೆ. ನಿಯಮ ಹಾಗೇ ಇತ್ತು, ಸುಳ್ಳಲ್ಲ.

“ತರ್ತೀನ್ರಿ. ಎಂಟ ದಿನ ತಡೀರಿ.”

ನಾನು ತಡೆಯಲಿಲ್ಲ. ಸೋಮವಾರ ಕೋಷ್ಟಕಗಳು ಹೋದವು. ಐದೂ ಸಲ ಬಂದು, ಸಕ್ಕರೆ ಹತೋಟಿಗೆ ಬಂದು, ಸುಖವಾಗಿರುವವರ ಸಾಲಿನಲ್ಲಿ ಆ ಹೆಂಗಸೂ ಇದ್ದಳು. ಅಕ್ಕೋರು ಹೇಳಿದ ದಿನಕ್ಕೆ ಸರಿಯಾಗಿ ಪ್ರಮಾಣಪತ್ರ ತಂದುಕೊಟ್ಟರು. ಅದನ್ನು ಫೈಲಿಗೆ ಸೇರಿಸಿದೆ, ಪುಟಸಂಖ್ಯೆ ಹಾಕಿದೆ. ದೆಹಲಿಗೆ ಮಾತ್ರ ಬರೆಯಲಿಲ್ಲ.

ಆಮೇಲೆ ಬೇರೆ ಅಧ್ಯಯನದ ಕಾರ್ಡು ತರುವಾಗಲೂ ಕಟ್ಟನ್ನು ಮೇಜಿನ ಮೇಲಿಟ್ಟು ಕೇಳುತ್ತಿದ್ದರು. “ಬರದ್ರೇನ್ರಿ ಸರ?”

“ಬರೀತೀನಿ ಅಕ್ಕೋರೆ.”

ಎಷ್ಟು ಶನಿವಾರಗಳೋ… ಆಮೇಲೊಂದು ಶನಿವಾರ ಬೇರೆ ನರ್ಸ್ ಕಟ್ಟು ತಂದಳು. ಅಕ್ಕೋರು ಕೆಲಸ ಬಿಟ್ಟು ಊರಿಗೆ ಹೋದರಂತೆ. ನನಗೆ ಹಗುರವೆನಿಸಿತು. ಅದನ್ನು ಇಲ್ಲಿ ಬರೆಯಬೇಕು. ಆ ದಿನ ನಿಜವಾಗಿಯೂ ಹಗುರವೆನಿಸಿತು.

ಅದು ಹೆಚ್ಚು ದಿನ ಉಳಿಯಲಿಲ್ಲ. ನೂರಾ ಹನ್ನೆರಡನೆಯ ಕಾರ್ಡಿನ ಹೆಂಗಸನ್ನು ನಾನು ಎಂದೂ ಕಂಡವನಲ್ಲ. ಮುಖ ಗೊತ್ತಿಲ್ಲ, ಎತ್ತರ ಮಾತ್ರ ಗೊತ್ತು. ಬಸ್‌ಸ್ಟಾಪಿನಲ್ಲಿ, ರೇಷನ್ ಅಂಗಡಿಯ ಸಾಲಿನಲ್ಲಿ ಗಿಡ್ಡ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದರೆ ನನ್ನ ಕಣ್ಣು ಕೇಳದೆಯೇ ಅಳೆಯುತ್ತದೆ… ನೂರಾ ನಲವತ್ತೇಳು. ಅವಳು ತಿರುಗುವ ಮೊದಲೇ ಅಲ್ಲಿಂದ ಸರಿದುಬಿಡುತ್ತೇನೆ. ಆ ಮಾತ್ರೆ ಮುಂದೆ ಯಾರ್ಯಾರ ಮನೆಗೆ ಹೋಯಿತೋ ನನಗೆ ತಿಳಿಯದು. ಕೇಳುವ ಧೈರ್ಯ ಬರಲಿಲ್ಲ.

ಇವತ್ತು ಕ್ಲಿನಿಕ್‌ನಿಂದ ಹನ್ನೊಂದಕ್ಕೆ ಮನೆಗೆ ಬಂದು, ಅಧ್ಯಯನದ ಮುಖ್ಯಸ್ಥರಾಗಿದ್ದ ವೈದ್ಯರಿಗೆ ಒಂದು ಪುಟ ಬರೆದೆ. ಅವರೂ ನಿವೃತ್ತರು. ಕಾರ್ಡಿನ ಸಂಖ್ಯೆ, ಆಕೆ ಸತ್ತ ರೀತಿ, ಐದನೆಯ ಸಲದ ಅಂಕಿಗಳು ತಂಗಿಯವು ಎಂಬುದು, ಕೋಷ್ಟಕ ಕಳಿಸುವ ಮೊದಲೇ ನನಗೆ ಇದೆಲ್ಲ ತಿಳಿದಿತ್ತು ಎಂಬುದು. ಇದನ್ನು ಕಂಡುಹಿಡಿದವರು ಅಕ್ಕೋರು ಎಂದೂ ಬರೆದೆ. ಅವರು ತೀರಿಕೊಂಡ ಸುದ್ದಿ ಬಂದು ಬಹಳ ವರ್ಷಗಳಾದವು. ಬರೆದೆ ಎಂದು ಹೇಳಬೇಕಾಗಿದ್ದುದು ಅವರೊಬ್ಬರಿಗೆ…

ಹನ್ನೆರಡೂವರೆಗೆ ಅಂಚೆ ಕಚೇರಿಗೆ ಹೋಗಿ ಪತ್ರವನ್ನು ರಿಜಿಸ್ಟರ್ ಮಾಡಿಸಿದೆ.