ಮಕ್ಕಳ ಕಪಾಟಿನ ಪಾಲಾಕ್ಷಪ್ಪ

ಹೊಳೆನರಸೀಪುರದ ಲೈಬ್ರರಿಯಲ್ಲಿ ಮಕ್ಕಳ ಕಪಾಟು ನೋಡಿಕೊಳ್ಳುವ ಪಾಲಾಕ್ಷಪ್ಪನವರಿಗೆ ಭಾನುವಾರ ಬಂತೆಂದರೆ ಬೆಳಗಿನ ಕಾಫಿಗಿಂತ ಮೊದಲೇ ಸಿಟ್ಟು ಬರುತ್ತದೆ. ಅಂದು ಕಥೆ ಓದುವ ದಿನ. ಮಕ್ಕಳ ಜೊತೆ ಅಪ್ಪ, ಅಮ್ಮ, ಅಜ್ಜಿಯರೂ ಬಂದು ಚಾಪೆಯ ಮೇಲೆ ಕೂರುತ್ತಾರೆ. ಎಂಜಲು ಬೆರಳಲ್ಲಿ ಹಾಳೆ ತಿರುವಿದವನಿಗೆ, "ಲೇ, ಇದೇನು ಉಪ್ಪಿನಕಾಯೇನ್ಲಾ, ಬೆರಳು ಚೀಪಾಕೆ?" ಎಂದು ಪಾಲಾಕ್ಷಪ್ಪ ಗುಡುಗುತ್ತಾರೆ. ಮೊಬೈಲಿನಲ್ಲಿ ಮುಳುಗಿದ ಅಪ್ಪನಿಗೆ, "ಮಗಳು ಓದ್ತಾವ್ಳೆ, ನೀವು ಯಾವಾಗ ಸಾ ದೊಡ್ಡೋರಾಗೋದು?" ಎಂಬ ಪೆಟ್ಟು. ಹರಿದ ಪುಸ್ತಕ ವಾಪಸು ಬಂದರಂತೂ ಬೈಗುಳ ಬಸ್ ಸ್ಟ್ಯಾಂಡಿನವರೆಗೂ ಕೇಳಿಸುತ್ತದೆ. ಬಂದ ಗಿರಾಕಿಗೆ ಬೈಯುತ್ತಲೇ ಅಂಗಡಿ ತುಂಬಿಸುವ ವಿದ್ಯೆ ಪೇಟೆಯಲ್ಲಿ ಇನ್ಯಾರಿಗೂ ಒಲಿದಿಲ್ಲ. ಮುಂದಿನ ವಾರ ಬೈಸಿಕೊಂಡ ಮಕ್ಕಳೇ ಮೊದಲು ಬಂದಿರುತ್ತವೆ. ಹೋದ ತಿಂಗಳು ತಪಾಸಣೆಗೆ ಬಂದ ಸಾಹೇಬರೊಬ್ಬರು ಹರಿದ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿ ಎಂದರು. ತಾವೇ ಮೈದಾ ಅಂಟು ಹಚ್ಚಿ, ಹೆಂಡತಿಯ ಹಳೇ ಸೀರೆಯ ಅಂಚಿನಿಂದ ಬೆನ್ನು ಕಟ್ಟಿದ್ದ ಆ ಅರವತ್ತು ಪುಸ್ತಕಗಳಿಗೆ ಪಾಲಾಕ್ಷಪ್ಪ ಅಡ್ಡ ನಿಂತರು. ಮಕ್ಕಳೆದುರಿಗೇ ಅಬ್ಬರಿಸಿದರು: "ಹರೀದೇ ಇರೋ ಪುಸ್ತಕ ಹಾಕಿ ಸಾ ರದ್ದಿಗೆ! ಅವನ್ನ ಒಂದು ಮಗೂನೂ ಮುಟ್ಟಿಲ್ಲ."